ತ್ಯಾಂಪಣ್ಣನ ಎಡೆ ಮತ್ತು ಎಕ್ಸೈಸ್ ಬಾಕಿ

ಮಹಾಲಯ ಅಮಾವಾಸ್ಯೆ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ: ಬೈಕುಲ್ಲಾ ಮಾರ್ಕೆಟಿನ ಹಿಂದಿನ ಗಲ್ಲಿಯಲ್ಲಿರುವ ನನ್ನ ಸೋಡಾ ಫ್ಯಾಕ್ಟರಿ. ಹಾಜರಿದ್ದವರು: ನಾನು, ನನ್ನ ಹೆಂಡತಿ ಗಿರಿಜಾ, ಕೆಲಸಗಾರ ಬಸಪ್ಪ. ಬರಬೇಕಾದವರು: ಎಕ್ಸೈಸ್ ಇನ್ಸ್‌ಪೆಕ್ಟರ್, ಮಧ್ಯಾಹ್ನ ಮೂರಕ್ಕೆ. ಗೈರುಹಾಜರು: ಫ್ಯಾಕ್ಟರಿಯ ಹಿಂದಿನ ಮಾಲೀಕ ತ್ಯಾಂಪಣ್ಣ. ಕಾರಣ: ಮರಣ.

ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಹೀಗೆ ಸೀಮೆಸುಣ್ಣದಲ್ಲಿ ಬರೆದ ಮೇಲೆಯೇ ನನ್ನ ದಿನ ಶುರುವಾಗುವುದು. ನಿವೃತ್ತನಾಗುವ ತನಕ ನಾನು ಒಂದು ಬಟ್ಟೆ ಮಿಲ್ಲಿನಲ್ಲಿ ಟೈಮ್ ಕೀಪರ್ ಆಗಿದ್ದೆ. ಮಿಲ್ಲಿನ ಸೈರನ್, ಅಂದರೆ ಭೋಂಗಾ, ಕೂಗುವ ಮೊದಲೇ ಗೇಟಿನಲ್ಲಿ ನಿಂತು, ಕೂಗಿದ ಮೇಲೆ ಬಂದವನ ಕಾರ್ಡಿಗೆ ಕೆಂಪು ಗೆರೆ ಎಳೆಯುವುದು ನನ್ನ ಉದ್ಯೋಗ. ಮನೆಯಲ್ಲೂ ಅದೇ ಶಿಸ್ತು. ಸಾಂತಾಕ್ರೂಜಿನ ನಮ್ಮ ಬಿಲ್ಡಿಂಗಿನವರು ಬೆಳಗಿನ ನನ್ನ ಸ್ನಾನದ ಸದ್ದು ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಾರೆಂದು ನಾನು ನಂಬಿದ್ದೆ. ಗಿರಿಜಾ ಹೇಳುವ ಪ್ರಕಾರ ಅವರು ಬರೀ ಬೈದುಕೊಳ್ಳುತ್ತಾರೆ.

ಇಂಥ ನನಗೆ ಎಕ್ಸೈಸ್ ಇಲಾಖೆಯಿಂದ ನೋಟೀಸು ಬಂತು. ವಿಷಯ ಸರಳ. ಮೋಟರ್ ಇಟ್ಟು ಸೋಡಾ ಮಾಡುವವರ ಮೇಲೆ ಸರ್ಕಾರ ಸುಂಕ ಹಾಕಿತ್ತು. ತ್ಯಾಂಪಣ್ಣ ಮೋಟರ್ ಇಟ್ಟಿದ್ದರು, ಸುಂಕ ಕಟ್ಟಿರಲಿಲ್ಲ. ಆಮೇಲೆ ಫ್ಯಾಕ್ಟರಿಯನ್ನು ನನಗೆ ಮಾರಿದರು. ಅದಾದ ಮೇಲೆ ತೀರಿಕೊಂಡರು. ಇಲಾಖೆ ಹೇಳುವುದೇನೆಂದರೆ, ಹಿಂದಿನವರ ಧಂದೆಯನ್ನು ನೀವು ವಹಿಸಿಕೊಂಡು ಮುಂದುವರಿಸುತ್ತಿದ್ದರೆ ಅವರ ಬಾಕಿಯನ್ನೂ ನೀವೇ ಕೊಡತಕ್ಕದ್ದು. ತಪ್ಪಿದರೆ ಯಂತ್ರಕ್ಕೆ ಸೀಲು. ಆ ಯಂತ್ರವನ್ನು ನಾನು ಕೊಂಡದ್ದು ನನ್ನ ಗ್ರಾಚುಯಿಟಿಯ ಕೊನೆಯ ಪೈಸೆಯನ್ನೂ ಸುರಿದು. ಅದಕ್ಕೆ ಸೀಲು ಬಿದ್ದರೆ ನಾನು, ಗಿರಿಜಾ, ಬಸಪ್ಪ ಮೂವರೂ ಬೀದಿಗೆ ಬಿದ್ದಂತೆಯೇ.

ಆದರೂ ನನಗೆ ಹೆದರಿಕೆಯಿರಲಿಲ್ಲ. ತ್ಯಾಂಪಣ್ಣ ತೀರಿಕೊಂಡಿದ್ದಾರೆಂದು ಬರೆದು, ಖರೀದಿಯ ಕಾಗದದ ಪ್ರತಿಯನ್ನೂ ಲಗತ್ತಿಸಿ ಇಲಾಖೆಗೆ ಉತ್ತರ ಕಳಿಸಿದ್ದೆ. ಮಿಲ್ಲಿನ ಗೇಟಿನಲ್ಲಿ ಅಷ್ಟು ವರ್ಷ ನಿಂತವನು, ಒಬ್ಬನ ಕೆಂಪು ಗೆರೆಯನ್ನು ಇನ್ನೊಬ್ಬನ ಕಾರ್ಡಿಗೆ ಎಂದೂ ಎಳೆದವನಲ್ಲ. ಅವರವರ ತಡ ಅವರವರಿಗೆ. ಸತ್ತವರದ್ದು ಸತ್ತವರಿಗೆ. ಇನ್ಸ್‌ಪೆಕ್ಟರಿಗೆ ಇದನ್ನು ಎರಡು ವಾಕ್ಯದಲ್ಲಿ ವಿವರಿಸಿ, ಒಂದು ತಣ್ಣನೆಯ ಸೋಡಾ ಕುಡಿಸಿ, ಛತ್ರಿ ಕೈಗೆ ಕೊಟ್ಟು ಕಳುಹಿಸುವುದು ನನ್ನ ಯೋಜನೆಯಾಗಿತ್ತು.

ತ್ಯಾಂಪಣ್ಣ ನಮ್ಮ ಕಡೆಯವರು, ಉಡುಪಿಯ ಹತ್ತಿರದವರು. ಮದುವೆಯಿಲ್ಲ, ಅಣ್ಣ ತಮ್ಮ ಅಕ್ಕ ತಂಗಿ ಯಾರೂ ಇಲ್ಲ. ನಶ್ಯದ ಡಬ್ಬಿಯೇ ಸಂಸಾರ. ಒಂದು ಚಿಟಿಕೆ ಏರಿಸಿದರೆ ಎರಡು ಸೀನು. ಮೂರನೆಯದು ಎಂದೂ ಇಲ್ಲ. ಶಿಫ್ಟು ಮುಗಿಸಿ ನಾನು ಅವರಲ್ಲಿಗೆ ಗೋಲಿ ಸೋಡಾ ಕುಡಿಯಲು ಹೋಗುತ್ತಿದ್ದದ್ದು ಆ ಶಿಸ್ತಿನ ಸೀನನ್ನು ಕೇಳಲಿಕ್ಕೂ ಹೌದು. ಮೈಯಲ್ಲಿ ಕಸುವು ಕಡಿಮೆಯಾದಾಗ ಅವರು ನನ್ನನ್ನು ಕರೆಸಿ ಫ್ಯಾಕ್ಟರಿ ಕೊಂಡುಕೋ ಎಂದರು. ಕಾಗದದಲ್ಲಿ ಬರೆದದ್ದು ಇಷ್ಟೇ: ಒಂದು ಸೋಡಾ ಯಂತ್ರ, ಒಂದು ಮೋಟರ್, ಬಾಟಲಿಗಳು. ಉಳಿದದ್ದೆಲ್ಲ ಬಾಯಿಮಾತು.

"ಹೆಸರೂ ನಿನ್ನದೇ, ಗಿರಾಕಿಗಳೂ ನಿನ್ನವರೇ, ಈ ಬಸಪ್ಪನೂ ನಿನ್ನವನೇ," ಎಂದಿದ್ದರು ತ್ಯಾಂಪಣ್ಣ. "ನನಗೆ ನೀರು ಬಿಡುವವರು ಯಾರಿದ್ದಾರೆ ಮಾರಾಯ? ವರ್ಷಕ್ಕೊಮ್ಮೆ ಒಂದು ಎಲೆ ಹಾಕು, ಸಾಕು."

ನಾನು ಹೂಂ ಅಂದೆ. ಮನುಷ್ಯ ಬದುಕಿ ಎದುರಿಗೆ ಕೂತಿರುವಾಗ ಇಂಥ ಮಾತಿಗೆ ಹೂಂ ಅನ್ನುವುದು ಕಷ್ಟವಲ್ಲ.

ಫ್ಯಾಕ್ಟರಿ ನನ್ನದಾದ ಮೇಲೆ ನಾನು ಒಂದನ್ನೂ ಬದಲಿಸಲಿಲ್ಲ. ಸರಿಯಾಗಿ ನಡೆಯುತ್ತಿರುವ ವ್ಯವಸ್ಥೆಯನ್ನು ಮುಟ್ಟಬಾರದು ಎಂಬುದು ಟೈಮ್ ಕೀಪರನ ಮೊದಲ ಪಾಠ. ಬಾಗಿಲ ಮೇಲೆ ಅದೇ ‘ತ್ಯಾಂಪಣ್ಣ ಸೋಡಾ ವರ್ಕ್ಸ್’ ಬೋರ್ಡು. ಅವರು ತೀರಿಕೊಂಡ ಮೇಲೆ ಗೋಡೆಗೆ ಅವರದೊಂದು ಫೋಟೋ, ಅದಕ್ಕೆ ಬೆಳಿಗ್ಗೆ ಊದುಬತ್ತಿ. ಕಿಟಕಿಯ ಪಕ್ಕ ಅವರು ಕೂರುತ್ತಿದ್ದ ಬೆತ್ತದ ಕುರ್ಚಿ. ಅದರಲ್ಲಿ ಯಾರೂ ಕೂರುತ್ತಿರಲಿಲ್ಲ. ಒಮ್ಮೆ ನಾನು ಕೂತೆ. ಬಸಪ್ಪ ಟೊಪ್ಪಿಗೆ ತೆಗೆದು ಕೈಕಟ್ಟಿ ನಿಂತ, ನನ್ನನ್ನಲ್ಲ, ನನ್ನ ಹಿಂದೆ ಸ್ವಲ್ಪ ಮೇಲಕ್ಕೆ ನೋಡುತ್ತ. ನಾನು ಎದ್ದೆ.

ಮೊದಲ ವರ್ಷದ ಮಹಾಲಯ ಬಂತು, ಹೋಯಿತು. ಎಡೆಯ ನೆನಪೇ ನನಗಾಗಲಿಲ್ಲ. ಮರುದಿನದಿಂದ ಬಾಟಲಿಗಳು ಒಡೆಯತೊಡಗಿದವು. ತುಂಬುವಾಗ ಒಡೆಯುವುದು ಎಲ್ಲ ಫ್ಯಾಕ್ಟರಿಗಳಲ್ಲೂ ಇದೆ. ಇವು ತುಂಬಿ, ತಣಿದು, ಪೆಟ್ಟಿಗೆಯಲ್ಲಿ ಸುಮ್ಮನೆ ನಿಂತಿರುವಾಗ ಒಡೆಯುತ್ತಿದ್ದವು. ಅದೂ ಒಂದಾದ ಮೇಲೊಂದು, ಸಾಲಾಗಿ, ಯಾರೋ ಬೆರಳಿನಲ್ಲಿ ಎಣಿಸುತ್ತ ಹೋಗುವ ಹಾಗೆ.

"ದೊಡ್ಡ ಸಾಹೇಬ್ರಿಗೆ ಹಸಿವ್ಯಾಗೇತ್ರೀ," ಅಂದ ಬಸಪ್ಪ. ವಿಜಾಪುರ ಕಡೆಯವನು, ತ್ಯಾಂಪಣ್ಣನ ಕಾಲದಿಂದ ಅಲ್ಲೇ ದುಡಿಯುತ್ತಿದ್ದವನು.

"ಗ್ಯಾಸು ಜಾಸ್ತಿಯಾಗಿದೆ," ಅಂದೆ ನಾನು.

ಗ್ಯಾಸು ಕಡಿಮೆ ಮಾಡಿದೆವು. ಒಡೆಯುವುದು ನಿಲ್ಲಲಿಲ್ಲ. ಗಿರಿಜಾ ಬಂದು, ತಡವಾದದ್ದಕ್ಕೆ ಕ್ಷಮೆ ಕೇಳಿ ಒಂದು ಎಲೆ ಹಾಕಿದಳು. ನಿಂತಿತು. ಗ್ಯಾಸು ಸರಿಹೋಯಿತು ಅಂದೆ. ಬಸಪ್ಪ ಹೌದೆಂದು ತಲೆಯಾಡಿಸಿದ. ನನ್ನನ್ನು ಬೇಸರಪಡಿಸಬಾರದೆಂದು ತಲೆಯಾಡಿಸಿದಂತಿತ್ತು.

ಇದು ಹಿನ್ನೆಲೆ. ಈಗ ಸಿದ್ಧತೆಯ ವಿಷಯ.

ಇನ್ಸ್‌ಪೆಕ್ಟರ್ ಬರುವ ಹಿಂದಿನ ದಿನ ಭಾನುವಾರ. ತ್ಯಾಂಪಣ್ಣನ ಗುರುತು ಒಂದೂ ಉಳಿಯದಂತೆ ಮಾಡಲು ನಾನು ಪಟ್ಟಿ ಹಾಕಿಕೊಂಡು ಕೆಲಸಕ್ಕಿಳಿದೆ. ಬೋರ್ಡಿಗೆ ಬಿಳಿ ಬಳಿಸಿ ‘ಗಿರಿಜಾ ಸೋಡಾ’ ಎಂದು ಬರೆಸಿದೆ. ಫೋಟೋ ಇಳಿಸಿ ಗೋಣಿಯಲ್ಲಿ ಸುತ್ತಿದೆ. ಕುರ್ಚಿಯನ್ನು ಅಟ್ಟಕ್ಕೆ ಏರಿಸಿದೆ. ಬಸಪ್ಪ ಏಣಿ ಹಿಡಿದಿದ್ದನೇ ಹೊರತು ಕುರ್ಚಿಗೆ ಕೈ ಹಾಕಲಿಲ್ಲ.

"ಅವ್ರಿಗೆ ಹೇಳಿ ಮಾಡಾಕತ್ತೀರೇನ್ರೀ?" ಎಂದು ಕೇಳಿದ.

"ಯಾರಿಗೆ?"

ಅವನು ಕುರ್ಚಿಯ ಕಡೆ ನೋಡಿದ. ಸತ್ತವರಿಗೆ ನೋಟೀಸು ಕೊಡಬೇಕೆಂಬ ನಿಯಮ ನನಗೆ ತಿಳಿದಂತೆ ಎಲ್ಲೂ ಇಲ್ಲ.

ಎಲ್ಲ ಮುಗಿಸಿ ಗೋಡೆ ನೋಡಿದರೆ, ಫೋಟೋ ಇದ್ದ ಜಾಗದಲ್ಲಿ ಒಂದು ಬಿಳಿ ಚೌಕ. ಸುತ್ತಲಿನ ಗೋಡೆ ಊದುಬತ್ತಿಯ ಹೊಗೆಗೆ ಕಂದಿತ್ತು, ಆ ಚೌಕ ಮಾತ್ರ ಶುಭ್ರ. ಫೋಟೋ ಇದ್ದಾಗ ಯಾರೂ ಅತ್ತ ನೋಡುತ್ತಿರಲಿಲ್ಲ. ಈಗ ಬಾಗಿಲಲ್ಲಿ ಕಾಲಿಟ್ಟವರ ಕಣ್ಣು ಮೊದಲು ಅಲ್ಲಿಗೇ ಹೋಗುವಂತಿತ್ತು. ನಾನು ಯಾವ ಮೂಲೆಯಲ್ಲಿ ನಿಂತರೂ ಆ ಚೌಕ ನನ್ನ ಕಡೆ ತಿರುಗಿದಂತೆ ಕಾಣುತ್ತಿತ್ತು. ಒಂದು ಕ್ಯಾಲೆಂಡರ್ ತೂಗಿಹಾಕಿದೆ. ಬಿತ್ತು. ಮತ್ತೆ ಹಾಕಿದೆ. ಮತ್ತೆ ಬಿತ್ತು. ಮೊಳೆ ಸಡಿಲ ಎಂದುಕೊಂಡು ಮನೆಗೆ ಹೋದೆ.

ಸೋಮವಾರ ಬೆಳಗಾಗುವಾಗ ಮಳೆ. ಹಗಲೋ ಸಂಜೆಯೋ ತಿಳಿಯದ ಬೆಳಕು. ಗಿರಿಜಾ ದೊಡ್ಡ ಬುಟ್ಟಿಯೊಂದನ್ನು ಸೊಂಟಕ್ಕಿಟ್ಟುಕೊಂಡು ನನ್ನ ಜೊತೆ ಹೊರಟಾಗಲೇ ನನಗೆ ಅನುಮಾನ ಬಂದಿತ್ತು. ದಾದರಿನಲ್ಲಿ ಗಾಡಿ ಬದಲಿಸುವಾಗ ಬುಟ್ಟಿಯಿಂದ ಬಂಗುಡೆ ಸಾರಿನ ಪರಿಮಳ ಬಂತು.

"ಇವತ್ತು ಎಡೆ ಬೇಡ," ಅಂದೆ. "ಇನ್ಸ್‌ಪೆಕ್ಟರ್ ಬರುವ ದಿನವೇ ಎಲೆ ಹಾಕಿದರೆ, ನಾನೇ ತ್ಯಾಂಪಣ್ಣನ ವಾರಸುದಾರ ಅಂತ ಡಂಗುರ ಹೊಡೆದ ಹಾಗೆ."

"ಇವತ್ತು ಅಲ್ಲದೆ ಎಂಥ, ನಾಡಿದ್ದು ಹಾಕುವುದಾ ಮಾರಾಯ್ರೆ? ಅಮಾವಾಸ್ಯೆ ಏನು ನಿಮ್ಮ ನೋಟೀಸು ನೋಡಿ ಬರ್ತದಾ?"

"ಅವರು ಮೂರಕ್ಕೆ ಬರುತ್ತಾರೆ."

"ಬರಲಿ. ಹನ್ನೆರಡಕ್ಕೆ ಹಾಕುವ, ಒಂದಕ್ಕೆ ತೆಗೆಯುವ, ಎರಡಕ್ಕೆ ನೆಲ ಒರೆಸುವ. ನಿಮ್ಮ ಟೈಮ್ ಟೇಬಲ್ಲಿಗೆ ಎಂಥ ಅಡ್ಡಿ?"

ಟೈಮ್ ಟೇಬಲ್ ಅಂದ ಮೇಲೆ ನಾನು ಸೋತೆ.

ಗಲ್ಲಿಗೆ ಬಂದರೆ ಬಸಪ್ಪ ಮಳೆಯಲ್ಲೇ ನಿಂತು ತಲೆಯೆತ್ತಿ ಬೋರ್ಡು ನೋಡುತ್ತಿದ್ದ. ನಾನೂ ನೋಡಿದೆ. ಪೇಂಟರ್ ಅಗ್ಗದ ಬಣ್ಣ ಹಚ್ಚಿದ್ದ. ಬಿಳಿ ಹಾಲಿನಂತೆ ಕರಗಿ ಗೋಡೆಗುಂಟ ಇಳಿಯುತ್ತಿತ್ತು, ಅದರ ಒಳಗಿನಿಂದ ಹಳೆಯ ಕಪ್ಪು ಅಕ್ಷರಗಳು ಒಂದೊಂದಾಗಿ ಮೇಲೆ ಬರುತ್ತಿದ್ದವು, ಮುಳುಗಿದವನು ನೀರಿನಿಂದ ಏಳುವ ಹಾಗೆ. ನಾವು ನೋಡುತ್ತಿದ್ದಂತೆ ಹೆಸರು ಪೂರ್ತಿ ಎದ್ದು ಬಂತು. ‘ಗಿರಿಜಾ’ ಮೋರಿ ಸೇರಿದಳು.

"ಬಣ್ಣದಲ್ಲೂ ಕಾಸು ಉಳಿಸಿದಿರಾ?" ಅಂದಳು ನಿಜವಾದ ಗಿರಿಜಾ, ಮತ್ತು ಒಳಗೆ ಹೋದಳು.

ಒಳಗೆ ಹೋದವಳು ಮೊದಲು ಕೇಳಿದ್ದು ಫೋಟೋ. "ಮುಖ ಇಲ್ಲದೆ ಯಾರಿಗೆ ಬಡಿಸುವುದು?" ಗೋಣಿ ಬಿಚ್ಚಿದೆ. ಫೋಟೋ ಇಡಲು ಕುರ್ಚಿ ಬೇಕು ಅಂದಳು. ಪೆಟ್ಟಿಗೆಯ ಮೇಲೆ ಇಡೋಣ ಅಂದೆ. "ಅವರನ್ನು ಸೋಡಾ ಪೆಟ್ಟಿಗೆಯ ಮೇಲೆ ಕೂರಿಸುವುದಾ?" ಅಂದಳು. ಏಣಿ ಹತ್ತಿ ಕುರ್ಚಿ ಇಳಿಸಿದೆ. ಹೀಗೆ ಭಾನುವಾರ ಇಡೀ ದಿನ ನಾನು ಹೊರಗೆ ಹಾಕಿದ್ದ ತ್ಯಾಂಪಣ್ಣ ಸೋಮವಾರ ಅರ್ಧ ಗಂಟೆಯಲ್ಲಿ ಬೋರ್ಡು, ಫೋಟೋ, ಕುರ್ಚಿ ಸಮೇತ ವಾಪಸು ಬಂದು ಕೂತರು. ಅದೂ ನನ್ನ ಕೈಯಿಂದಲೇ.

ಎಲೆಯ ಮೇಲೆ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಉದ್ದಿನ ವಡೆ. ಎಲೆಯ ತುದಿಯಲ್ಲಿ ಒಂದು ಚಿಟಿಕೆ ನಶ್ಯ. ಪಕ್ಕದಲ್ಲಿ ಅದೇ ಫ್ಯಾಕ್ಟರಿಯ ಒಂದು ಗೋಲಿ ಸೋಡಾ, ಗೋಲಿ ಬಿಗಿಯಾಗಿ ಕಂಠಕ್ಕೆ ಕೂತದ್ದು, ತೆರೆಯದ್ದು. ದೀಪ, ಊದುಬತ್ತಿ ಹಚ್ಚಿದೆವು. ಮೋಟರಿನ ಸ್ವಿಚ್ಚನ್ನು ನಾನೇ ಆರಿಸಿದೆ. ಬೆಕ್ಕು ಇದೆಯೇ ಎಂದು ಪೆಟ್ಟಿಗೆಗಳ ಸಂದಿಯೆಲ್ಲ ನಾನೇ ನೋಡಿದೆ. ಕಿಟಕಿ ಮುಚ್ಚಿದೆ. ಆಮೇಲೆ ಮೂವರೂ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು. ನಮ್ಮ ಕಡೆಯ ಪದ್ಧತಿ ಹಾಗೆ. ಸತ್ತವರು ಯಾರಾದರೂ ನೋಡುತ್ತಿರುವಾಗ ಉಣ್ಣುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಬಾಗಿಲು ತಟ್ಟಿ, ಕೇಳಿಕೊಂಡು ಒಳಗೆ ಹೋಗಬೇಕು.

ತಗಡಿನ ಸೂರಿನ ಕೆಳಗೆ ಮೂವರೂ ಒತ್ತಿಕೊಂಡು ನಿಂತಿದ್ದೆವು. ಆಗ ಗಲ್ಲಿಯ ತುದಿಯಿಂದ ಒಂದು ಕಪ್ಪು ಛತ್ರಿ ಬಂತು. ಛತ್ರಿಯ ಕೆಳಗೆ ಪ್ಯಾಂಟು ಮಡಚಿದ ಒಬ್ಬ ತೆಳ್ಳಗಿನ ಗೃಹಸ್ಥರು, ಕಂಕುಳಲ್ಲಿ ಫೈಲು.

"ನಾನು ಎಕ್ಸೈಸ್ ಇನ್ಸ್‌ಪೆಕ್ಟರ್ ದೇಸಾಯಿ," ಅಂದರು ಹಿಂದಿಯಲ್ಲಿ. ನನ್ನ ಹೆಸರು ಕೇಳಿ ಕನ್ನಡಕ್ಕೆ ಇಳಿದರು. ಧಾರವಾಡದವರು. "ಮಳಿ ಜೋರಾತು, ಗಾಡಿ ನಿಂತಾವು ಅಂತ ಲಗೂನ ಬಂದೆ. ಹೊರಗ್ಯಾಕ ನಿಂತೀರಿ? ಒಳಗ ಯಾರದಾರ?"

ಒಂದು ಸರ್ಕಾರಿ ಇಲಾಖೆ ಹೇಳಿದ ಹೊತ್ತಿಗಿಂತ ಮೊದಲು ಬಂದದ್ದನ್ನು ನನ್ನ ಜೀವಮಾನದಲ್ಲಿ ನೋಡಿದ್ದು ಅದೊಂದೇ ಸಲ. ಆ ಆಶ್ಚರ್ಯದಲ್ಲಿ ನನ್ನ ಬಾಯಿ ತಡವಾಯಿತು. ತನ್ನ ಕಡೆಯ ಮಾತು ಕೇಳಿದ ಸಂತೋಷದಲ್ಲಿ ಬಸಪ್ಪ ಮುಂದೆ ಬಂದ.

"ಮಾಲಕ್ರು ಊಟಕ್ಕ ಕುಂತಾರ್ರೀ."

ದೇಸಾಯರು ನನ್ನ ಮುಖ ನೋಡಿದರು. "ಮಾಲಕ್ರು ನೀವಲ್ಲೇನ್ರೀ?"

"ನಾನೇ."

"ಮತ್ತ ಒಳಗ ಉಣ್ಣಾವ್ರು ಯಾರು?"

"ಹಳೇ ಮಾಲಕ್ರುರೀ," ಅಂದ ಬಸಪ್ಪ.

"ಅವ್ರು ತೀರ್ಕೊಂಡಾರ ಅಂತ ಇವ್ರು ಬರದಾರಲ್ಲೋ."

"ಹೌದ್ರೀ. ಅದಕ್ಕ ಬಾಗ್ಲಾ ಹಾಕೇವಿ."

ದೇಸಾಯರು ಛತ್ರಿಯ ಅಂಚಿನಿಂದ ಮೇಲೆ ನೋಡಿ ಬೋರ್ಡು ಓದಿದರು. ಕೊನೆಯ ಬಿಳಿ ಹನಿ ಆಗ ತಾನೇ ಜಾರುತ್ತಿತ್ತು. ಗಿರಿಜಾಳ ಕೈಯಲ್ಲಿದ್ದ ಖಾಲಿ ಬುಟ್ಟಿ ನೋಡಿದರು, ಬಾಗಿಲ ಸಂದಿಯಿಂದ ಬರುತ್ತಿದ್ದ ಊದುಬತ್ತಿಯ ಹೊಗೆಯ ಎಳೆ ನೋಡಿದರು. ಇವತ್ತು ಯಾವ ದಿನ ಎಂಬುದು ಅವರಿಗೂ ನೆನಪಾಗಿರಬೇಕು.

"ಎಡಿ ಇಟ್ಟೀರೇನು?"

"ಹೌದು," ಅಂದಳು ಗಿರಿಜಾ. "ಪಾಪ, ಅವರಿಗೆ ಬೇರೆ ಯಾರೂ ಇಲ್ಲ."

ಹೆಂಡತಿಯ ಬಾಯಿಗೆ ಅಡ್ಡ ಹೋಗುವಷ್ಟು ವೇಗ ನನಗೆ ಎಂದೂ ಇರಲಿಲ್ಲ.

ದೇಸಾಯರು ಫೈಲು ಬಿಚ್ಚಿ ನನ್ನ ಖರೀದಿಯ ಕಾಗದ ತೆಗೆದರು. "ನೋಡ್ರಿ, ನಂದು ಒಂದ ಪ್ರಶ್ನಿ. ಬರೇ ಯಂತ್ರ ತಗೊಂಡಿದ್ರ ಬ್ಯಾರೆ ಮಾತು. ಬಾಕಿಗೂ ನಿಮಗೂ ಸಂಬಂಧ ಬರೂದಿಲ್ಲ, ನಾ ಹಂಗ ಬರದು ಹೋಗ್ತೀನಿ. ಧಂದೇನ ವಹಿಸ್ಕೊಂಡಿದ್ರ ಬಾಕಿನೂ ನಿಮ್ದ. ಕಾಗದದಾಗ ಬರೇ ಯಂತ್ರ ಅದ. ಉಳದದ್ದು ನಿಮ್ಮ ಬಾಯಿಂದ ಕೇಳಬೇಕು."

ನೋಡಿ, ಇಷ್ಟೇ ಇತ್ತು. ಇಷ್ಟೆಲ್ಲ ಅನಾಹುತದ ನಡುವೆಯೂ ಕಾಗದ ನನ್ನ ಪರವಾಗಿತ್ತು, ಇನ್ಸ್‌ಪೆಕ್ಟರೂ ಸಭ್ಯರು. ಒಂದು ವಾಕ್ಯ ಹೇಳಿದರೆ ಯಂತ್ರ ಉಳಿಯುತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡೆ.

"ನಾನು ಕೊಂಡದ್ದು ಬರೀ ಯಂತ್ರ. ತ್ಯಾಂಪಣ್ಣನ ಧಂದೆಗೂ ನನಗೂ..."

ಒಳಗೆ ‘ಟಪ್’ ಅಂತು.

ಆ ಸದ್ದನ್ನು ನಾನು ತಪ್ಪು ತಿಳಿಯುವ ಪ್ರಶ್ನೆಯೇ ಇಲ್ಲ. ಗೋಲಿಯನ್ನು ಹೆಬ್ಬೆರಳಿನಿಂದ ಒತ್ತಿ ಕೆಳಕ್ಕೆ ಬೀಳಿಸಿದಾಗ ಬರುವ ಸದ್ದು. ಹಿಂದೆಯೇ ಗ್ಯಾಸು ಬುಸ್ಸೆಂದಿತು, ಆಮೇಲೆ ಗೋಲಿ ಗಾಜಿಗೆ ತಾಗುತ್ತ ಕಿಣಿಕಿಣಿ ಅಂತು, ಬಾಟಲಿಯನ್ನು ಯಾರೋ ಬಾಯಿಗೆ ಎತ್ತಿದ ಹಾಗೆ.

"ಒಳಗ ಯಾರೋ ಸೋಡಾ ಒಡದ್ರಲ್ರೀ," ಅಂದರು ದೇಸಾಯರು ಮೆಲ್ಲಗೆ.

"ಗ್ಯಾಸಿನ ಒತ್ತಡ," ಅಂದೆ ನಾನು. "ಮಳೆಗಾಲದಲ್ಲಿ ಹೀಗೆ ಆಗುತ್ತದೆ." ಮತ್ತೆ ಮೊದಲಿನಿಂದ ಶುರುಮಾಡಿದೆ. "ನಾನು ಹೇಳುತ್ತಿದ್ದದ್ದು, ತ್ಯಾಂಪಣ್ಣನಿಗೂ ನನಗೂ ಯಾವ..."

ಒಳಗೆ ಸೀನು. ಒಂದು.

ನನಗೇ ತಿಳಿಯದೆ ಬಾಯಿಂದ "ನೂರು ವರ್ಷ ಆಯುಸ್ಸು" ಅಂತ ಬಂದುಬಿಟ್ಟಿತು. ಚಿಕ್ಕಂದಿನಿಂದ ಬಂದ ಅಭ್ಯಾಸ, ಸೀನಿದವರು ಬದುಕಿದ್ದಾರೆಯೇ ಎಂದು ವಿಚಾರಿಸಿ ಹೇಳುವ ಅಭ್ಯಾಸವಲ್ಲ.

"ಯಾರಿಗ್ರೀ?" ಅಂದರು ದೇಸಾಯರು.

ಒಳಗೆ ಇನ್ನೊಂದು ಸೀನು. ನಾವು ನಾಲ್ವರೂ ಉಸಿರು ಹಿಡಿದು ಮೂರನೆಯದಕ್ಕೆ ಕಾದೆವು. ದೇಸಾಯರಿಗೆ ವಿಷಯ ಗೊತ್ತಿರಲಿಲ್ಲ, ಅವರೂ ಕಾದರು. ಮೂರನೆಯದು ಬರಲಿಲ್ಲ.

ಬಸಪ್ಪ ಟೊಪ್ಪಿಗೆ ತೆಗೆದ. ಗಿರಿಜಾ ಸೆರಗು ಹೊದ್ದುಕೊಂಡಳು. ದೇಸಾಯರು ಬಗ್ಗಿ, ಒಂದೊಂದಾಗಿ ತಮ್ಮ ಬೂಟು ಬಿಚ್ಚಿ ಗೋಡೆಯ ಪಕ್ಕ ಜೋಡಿಸಿಟ್ಟರು. ನಾನು ನನ್ನ ಕೈಗಡಿಯಾರ ನೋಡಿದೆ. ಏನು ಮಾಡುವುದೆಂದು ತಿಳಿಯದಾಗ ನಾನು ಮಾಡುವುದು ಅದನ್ನೇ. ನಿಂತಿತ್ತು.

"ಹೇಳ್ರಿ," ಅಂದರು ದೇಸಾಯರು. ಈಗ ಅವರ ದನಿ ಪಿಸುಮಾತಿಗೆ ಇಳಿದಿತ್ತು. "ನನಗೂ ವರದಿ ಬರೀಬೇಕು. ಅವ್ರ ಧಂದೆಗೂ ನಿಮಗೂ ಸಂಬಂಧ ಅದನೋ, ಇಲ್ಲೋ?"

ಈಗ ಒಳಗೆ ನಿಶ್ಶಬ್ದ. ಖಾಲಿ ಮನೆಯ ನಿಶ್ಶಬ್ದವಲ್ಲ. ಉಣ್ಣುತ್ತಿರುವವರು ತಮ್ಮ ಹೆಸರು ಕೇಳಿ, ಎಲೆಯ ಮೇಲೆ ಕೈ ನಿಲ್ಲಿಸಿ, ಮುಂದಿನ ಮಾತಿಗೆ ಕಿವಿಗೊಟ್ಟಾಗ ಇರುತ್ತದಲ್ಲ, ಅದು. ಮಾರ್ಕೆಟಿನ ಗದ್ದಲವೂ ಆ ಹೊತ್ತಿಗೆ ನಿಂತಂತಿತ್ತು. ನಾನು ‘ಇಲ್ಲ’ ಎನ್ನಬೇಕು. ಎರಡೇ ಅಕ್ಷರ. ಬಾಗಿಲಿನ ಆಚೆ ಒಬ್ಬರನ್ನು ಊಟಕ್ಕೆ ಕೂರಿಸಿ, ಈಚೆ ನಿಂತು ಅವರು ಯಾರೋ ನನಗೆ ಗೊತ್ತಿಲ್ಲ ಎನ್ನಬೇಕು. ನಾನು ಬಾಯಿ ತೆರೆದೆ. ಬಾಗಿಲ ಸಂದಿಯಿಂದ ನಶ್ಯದ ವಾಸನೆ ಬಂತು.

"ಇದೆ," ಅಂದೆ. "ಎಲ್ಲ ಇದೆ. ಹೆಸರು, ಗಿರಾಕಿ, ಬಸಪ್ಪ, ಎಲ್ಲವನ್ನೂ ಬಾಯಲ್ಲಿ ಹೇಳಿ ಕೊಟ್ಟು ಹೋದರು. ನಾನು ಹೂಂ ಅಂದಿದ್ದೆ."

"ಬಾಕಿ?"

"ಅದೊಂದನ್ನು ಹೇಳಲು ಮರೆತರು."

ಒಳಗೆ ಗೋಲಿ ಒಮ್ಮೆ ಕಿಣಿ ಅಂತು. ಬಾಟಲಿಯನ್ನು ಕೆಳಗಿಟ್ಟ ಸದ್ದು.

ಇದನ್ನು ಓದುವವರು ನನ್ನನ್ನು ಸತ್ಯವಂತ ಎಂದು ತಿಳಿಯಬಾರದು. ನಾನು ಆ ಹೊತ್ತಿನಲ್ಲಿ ಧರ್ಮ, ನ್ಯಾಯ, ಕೊಟ್ಟ ಮಾತು ಯಾವುದನ್ನೂ ಯೋಚಿಸಲಿಲ್ಲ. ಮೂಗಿಗೆ ನಶ್ಯ ಬಡಿದಿತ್ತು. ಬಾಯಿ ಅದಕ್ಕೆ ಅನುಗುಣವಾಗಿ ನಡೆದುಕೊಂಡಿತು, ಅಷ್ಟೇ.

"ಹೊತ್ತಾಯಿತು, ಬಾಗಿಲು ತಟ್ಟಿ," ಅಂದಳು ಗಿರಿಜಾ.

ತಟ್ಟಿದೆ. ಕೆಮ್ಮಿದೆ. "ತ್ಯಾಂಪಣ್ಣ, ಊಟ ಆಯಿತಾ? ನಾವು ಒಳಗೆ ಬರಬಹುದಾ?" ಎಂದು ಕೇಳಿದೆ. ನನ್ನದೇ ಫ್ಯಾಕ್ಟರಿಗೆ ಹೋಗಲು ಹಿಂದಿನ ಮಾಲೀಕರ ಅಪ್ಪಣೆಯನ್ನು ಸರ್ಕಾರಿ ಅಧಿಕಾರಿಯ ಎದುರಿಗೇ ಕೇಳುತ್ತಿದ್ದೇನೆ ಎಂಬುದು ಕೇಳಿ ಮುಗಿದ ಮೇಲೆ ಹೊಳೆಯಿತು. ದೇಸಾಯರು ಫೈಲಿನಲ್ಲಿ ಏನೋ ಬರೆದುಕೊಂಡರು.

ಒಳಗೆ ಯಾರೂ ಇರಲಿಲ್ಲ. ದೀಪ ಆರಿತ್ತು. ಗೋಲಿ ಕೆಳಗೆ ಬಿದ್ದಿತ್ತು, ಸೋಡಾ ಅರ್ಧಕ್ಕೆ ಇಳಿದಿತ್ತು. ಎಲೆಯ ತುದಿಯ ನಶ್ಯ ಇರಲಿಲ್ಲ. ನಾನು ಆರಿಸಿದ್ದ ಮೋಟರು ಆರಿಯೇ ಇತ್ತು, ಆದರೆ ಅದರ ಬೆಲ್ಟು ಮೆಲ್ಲಗೆ ತೂಗುತ್ತಿತ್ತು.

"ಬೆಕ್ಕು," ಅಂದೆ.

"ಬೆಕ್ಕಾದರೆ ಮೀನು ಬಿಟ್ಟು ಸೋಡಾ ಕುಡಿತದಾ?" ಅಂದಳು ಗಿರಿಜಾ. ಬಂಗುಡೆ ಬಡಿಸಿದ ಹಾಗೇ ಇತ್ತು.

ನಾನು ಒಂದೊಂದಕ್ಕೂ ಕಾರಣ ಕೊಟ್ಟೆ. ದೀಪ ಆರಿದ್ದು ಗಾಳಿಗೆ. ನಶ್ಯ ಹಾರಿದ್ದೂ ಗಾಳಿಗೆ. ಕಿಟಕಿ ಮುಚ್ಚಿರುವಾಗ ಗಾಳಿ ಎಲ್ಲಿಂದ ಎಂದು ಯಾರೂ ಕೇಳಲಿಲ್ಲ. ಸೀನಿದ್ದು ಗ್ಯಾಸಿನ ವಾಲ್ವು, ಬೆಲ್ಟು ತೂಗಿದ್ದು ರೈಲಿನ ಅದುರುವಿಕೆಗೆ. ಹೇಳುತ್ತ ಹೇಳುತ್ತ ನನ್ನ ಕಣ್ಣು ಬಾಗಿಲ ಪಕ್ಕದ ಕರಿಹಲಗೆಗೆ ಹೋಯಿತು. ‘ಗೈರುಹಾಜರು: ಫ್ಯಾಕ್ಟರಿಯ ಹಿಂದಿನ ಮಾಲೀಕ ತ್ಯಾಂಪಣ್ಣ. ಕಾರಣ:’ ಎಂಬಲ್ಲಿಯ ತನಕ ಸರಿಯಾಗಿತ್ತು. ಮುಂದಿನ ಒಂದು ಪದ ಅಳಿಸಿಹೋಗಿತ್ತು. ಗೋಡೆಯ ತೇವಕ್ಕೆ ಎಂದು ಹೇಳಹೊರಟವನು ಸುಮ್ಮನಾದೆ.

ದೇಸಾಯರು ಯಂತ್ರದ ಸುತ್ತ ಒಂದು ಸಲ ಬಂದರು. ಅವರ ಚೀಲದಲ್ಲಿ ಅರಗು ಇತ್ತು, ಮುದ್ರೆ ಇತ್ತು, ನೂಲು ಇತ್ತು. ಎಲ್ಲವನ್ನೂ ಮುಟ್ಟಿ ನೋಡಿ ಚೀಲದ ಬಾಯಿ ಕಟ್ಟಿದರು.

"ಬಾಕಿ ನಿಮ್ದ ಅಂತ ನೀವ ಹೇಳೀರಿ, ಹಂಗ ಬರೀತೀನಿ," ಅಂದರು. "ಆದ್ರ ಎಡಿ ಇಟ್ಟ ದಿನ ಇಲ್ಲಿ ಸೀಲ್ ಹಾಕೂದು ನನ್ನಿಂದ ಆಗೂದಿಲ್ರೀ. ಒಳಗಿದ್ದಾವ್ರು ಹೊರಗ ಹೆಂಗ ಬರಬೇಕು? ಕಂತಿನ್ಯಾಗ ಕಟ್ತೀನಿ ಅಂತ ಒಂದು ಅರ್ಜಿ ಕೊಡ್ರಿ, ನಾ ಶಿಫಾರಸ್ ಮಾಡ್ತೀನಿ. ಯಂತ್ರ ನಡೀಲಿ. ನಡದ್ರ ಸರಕಾರಕ್ಕೂ ರೊಕ್ಕ ಬಂದೀತು."

ನನಗೆ ಅವರ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಬದಲಿಗೆ, "ಒಂದು ಸೋಡಾ ತೆಗೆದುಕೊಳ್ಳಿ" ಅಂದೆ.

ಅವರು ಎಲೆಯ ಪಕ್ಕದ ಅರ್ಧ ಬಾಟಲಿಯನ್ನು ನೋಡಿದರು. "ಬ್ಯಾಡ್ರೀ," ಅಂದರು, ಮತ್ತು ಬೂಟು ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು, ಮಳೆಯಲ್ಲಿ ಗಲ್ಲಿಯ ತುದಿಯ ತನಕ ಬಿರಬಿರನೆ ನಡೆದು ಹೋದರು.

ನಾವು ಮೂವರೂ ಅದೇ ಅನ್ನ, ಅದೇ ಸಾರು ಉಂಡೆವು. ಬಸಪ್ಪನಿಗೆ ಹಸಿವು ಚೆನ್ನಾಗಿತ್ತು. ಅವನ ಕೆಲಸ ಉಳಿದಿತ್ತು, ದೊಡ್ಡ ಸಾಹೇಬರ ಊಟವೂ ಆಗಿತ್ತು. ನಾನು ಮನಸ್ಸಿನಲ್ಲೇ ಕಂತುಗಳ ಲೆಕ್ಕ ಹಾಕುತ್ತಿದ್ದೆ. ನನ್ನ ವಯಸ್ಸಿಗೂ ಆ ಲೆಕ್ಕಕ್ಕೂ ಹೊಂದಾಣಿಕೆಯಾಗಲಿಲ್ಲ. ಒಬ್ಬನ ಕೆಂಪು ಗೆರೆಯನ್ನು ಇನ್ನೊಬ್ಬನ ಕಾರ್ಡಿಗೆ ಎಳೆಯದೆ ಇಡೀ ನೌಕರಿ ಮುಗಿಸಿದವನು, ಇನ್ನೊಬ್ಬರ ಗೆರೆಗೆ ನನ್ನ ಕಾರ್ಡನ್ನು ನಾನೇ ಬಿಚ್ಚಿ ಹಿಡಿದಿದ್ದೆ.

"ಮುಖ ಯಾಕೆ ಹಾಗೆ ಮಾಡ್ತೀರಿ?" ಅಂದಳು ಗಿರಿಜಾ, ನನ್ನ ಎಲೆಗೆ ಇನ್ನೊಂದು ಬಂಗುಡೆ ಹಾಕುತ್ತ. "ಮುಂದಿನ ವರ್ಷ ವಡೆಯ ಪಕ್ಕ ಸುಂಕ ಕಟ್ಟಿದ ರಸೀದಿಯನ್ನೂ ಇಡುವ. ಅವರೂ ನೋಡಲಿ."

ಸಂಜೆಯ ಕೆಲಸಗಳು ಬಾಕಿಯಿದ್ದವು. ಫೋಟೋವನ್ನು ಗೋಡೆಯ ಬಿಳಿ ಚೌಕಕ್ಕೆ ತೂಗಿಹಾಕಿದೆ. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂತಿತು. ಕ್ಯಾಲೆಂಡರನ್ನು ಬೀಳಿಸಿದ ಅದೇ ಮೊಳೆ ಈಗ ಅಲುಗಲಿಲ್ಲ. ಕುರ್ಚಿಯನ್ನು ಕಿಟಕಿಯ ಪಕ್ಕಕ್ಕೆ ಸರಿಸಿದೆ. ಬೆತ್ತ ಬೆಚ್ಚಗಿತ್ತು. ದೀಪದ ಕಾವು ಅಂದುಕೊಂಡೆ. ದೀಪ ಆರಿ ನಾಲ್ಕು ತಾಸು ಕಳೆದಿತ್ತು.

ಕೊನೆಯದು ಕರಿಹಲಗೆ. ‘ಗೈರುಹಾಜರು’ ಎಂಬ ಸಾಲನ್ನು ಪೂರ್ತಿ ಒರೆಸಿದೆ. ಹಾಜರಿದ್ದವರ ಸಾಲಿನಲ್ಲಿ ಎಲ್ಲಕ್ಕಿಂತ ಮೊದಲು ‘ತ್ಯಾಂಪಣ್ಣ, ಮಾಲೀಕರು’ ಎಂದು ಬರೆದೆ. ಆಮೇಲೆ ನನ್ನ ಹೆಸರು. ಅದರ ಮುಂದೆ ಏನು ಬರೆಯುವುದೆಂದು ತಿಳಿಯದೆ ಸೀಮೆಸುಣ್ಣ ಹಿಡಿದು ನಿಂತೆ.

ಗಿರಿಜಾ ಬುಟ್ಟಿ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಳು. "ಸುಂಕ ಕಟ್ಟುವವರು ಅಂತ ಬರೆಯಿರಿ ಮಾರಾಯ್ರೆ. ಗಾಡಿ ತಪ್ತದೆ."

ಹಾಗೆಯೇ ಬರೆದೆ. ಬೀಗ ಹಾಕಿದೆ.